ವ್ಯವಹಾರದ ಮಾತು ಯಾರ ವಶದಲ್ಲಿದೆ?

ಹಿಂದೆ ಕಚೇರಿಯ ಮಾತಿಗೆ ಎರಡೇ ದಾರಿಗಳಿದ್ದವು. ಒಂದು ಮೇಜಿನ ಮೇಲಿನ ದೂರವಾಣಿ; ಅದರ ತಂತಿ ಕಟ್ಟಡದೊಳಗೆ ಕರೆಗಳನ್ನು ಹಂಚುವ ಇಪಿಎಬಿಎಕ್ಸ್ ಪೆಟ್ಟಿಗೆಗೆ ಸೇರುತ್ತಿತ್ತು. ಇನ್ನೊಂದು ಪತ್ರ, ಅದು ವಹಿಯಲ್ಲಿ ನಮೂದಾಗಿ, ಕಡತ ಸೇರಿ, ಕಪಾಟಿನಲ್ಲಿ ಉಳಿಯುತ್ತಿತ್ತು. ಎರಡೂ ಸಂಸ್ಥೆಯ ಸ್ವತ್ತು. ನೌಕರ ಕೆಲಸ ಬಿಟ್ಟು ಹೋದರೂ ಫೋನು, ಕಡತ ಇದ್ದಲ್ಲೇ ಇರುತ್ತಿದ್ದವು. ಇಂದು ಶಿವಮೊಗ್ಗದ ಅಡಿಕೆ ಮಂಡಿಯ ದರ, ಪೀಣ್ಯದ ಕಾರ್ಖಾನೆಯ ಬಿಡಿಭಾಗದ ನಕ್ಷೆ, ರೋಗಿಯ ಸ್ಕ್ಯಾನ್ ವರದಿ, ವಕೀಲರ ಕರಡು, ಸಾಲಗಾರನ ಗುರುತಿನ ಚೀಟಿ ಎಲ್ಲವೂ ಯಾರೋ ಒಬ್ಬ ನೌಕರನ ಜೇಬಿನ ಫೋನಿನಲ್ಲಿ, ಮನೆಯ ಮದುವೆ ಫೋಟೊಗಳ ಪಕ್ಕದಲ್ಲೇ ಕೂತಿರುತ್ತವೆ. ಹೀಗಿರುವಾಗ ‘ಯಾವ ಆ್ಯಪ್ ಸುರಕ್ಷಿತ?’ ಎಂದು ವ್ಯಾಪಾರಿ ಕೇಳುವುದು ಸಹಜ. ಆದರೆ ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆಡಿದ ಮಾತಿನ ಪ್ರತಿ ಎಲ್ಲೆಲ್ಲಿ ಉಳಿಯುತ್ತದೆ, ಅದನ್ನು ತೆರೆಯುವ ಕೀಲಿ ಯಾರ ಬಳಿ ಇದೆ, ನಾಳೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ಕಳೆದ ಹತ್ತು ವರ್ಷಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ, ವ್ಯವಹಾರದ ಫೋನ್ ಮತ್ತು ಸಂದೇಶ ವ್ಯವಸ್ಥೆಗಳು ಸೋತ ಪ್ರಸಂಗಗಳಲ್ಲಿ ಗೂಢಲಿಪಿಯ ಗಣಿತ ಸೋತದ್ದು ಕಾಣುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳದೆ ಬಿಟ್ಟದ್ದೇ ಪ್ರತಿಸಲವೂ ಎದ್ದು ಕಾಣುತ್ತದೆ.

ಈಗ ಚಾಲ್ತಿಯಲ್ಲಿರುವ ಆ್ಯಪ್‌ಗಳನ್ನು ಕೀಲಿ ಯಾರ ಕೈಯಲ್ಲಿದೆ ಎಂಬ ಲೆಕ್ಕದಲ್ಲಿ ಮೂರು ಗುಂಪು ಮಾಡಬಹುದು. ಮೊದಲನೆಯ ಗುಂಪು, ಮನೆಮಂದಿಯ ಹರಟೆಗೆಂದು ಬಂದು ವ್ಯಾಪಾರಕ್ಕೂ ಒದಗಿದ ವಾಟ್ಸ್‌ಆ್ಯಪ್, ಸಿಗ್ನಲ್‌ಗಳದು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ಎಲ್ಲ ಬಳಕೆದಾರರಿಗೂ ಎಂಡ್ ಟು ಎಂಡ್ ಗೂಢಲಿಪಿ ಅಳವಡಿಸಿ ಮುಗಿಸಿತು. ಅದು ಬಳಸಿಕೊಂಡದ್ದು ಸಿಗ್ನಲ್ ತಂಡ ರೂಪಿಸಿದ ವಿಧಾನವನ್ನೇ. ಕಳಿಸುವವರ ಫೋನಿನಲ್ಲಿ ಬೀಗ ಬೀಳುವ ಸಂದೇಶ ಪಡೆಯುವವರ ಫೋನಿನಲ್ಲಿ ಮಾತ್ರ ತೆರೆಯುತ್ತದೆ, ನಡುವಿನ ಸರ್ವರ್‌ಗೆ ಕೀಲಿ ಸಿಗುವುದಿಲ್ಲ. ಎರಡನೆಯದು ಕಚೇರಿಗೆಂದೇ ಕಟ್ಟಿದ ಮೈಕ್ರೋಸಾಫ್ಟ್ ಟೀಮ್ಸ್, ಸ್ಲ್ಯಾಕ್, ಜೋಹೊ ಕ್ಲಿಕ್‌ನಂಥವು. ಇಲ್ಲಿ ಬರಹ ದಾರಿಯಲ್ಲೂ ಸರ್ವರ್‌ನಲ್ಲೂ ಗೂಢಲಿಪಿಯಲ್ಲೇ ಇದ್ದರೂ ಕೀಲಿ ಸಾಮಾನ್ಯವಾಗಿ ಸೇವೆ ಕೊಡುವ ಕಂಪನಿಯ ವಶದಲ್ಲಿರುತ್ತದೆ. ಅಗತ್ಯ ಬಿದ್ದರೆ ಸಂಸ್ಥೆಯ ಅಡ್ಮಿನ್ ಹಳೆಯ ಮಾತುಕತೆಯನ್ನು ತೆಗೆಸಿ ನೋಡಬಹುದು. ಮೂರನೆಯದು ಇಪಿಎಬಿಎಕ್ಸ್ ಪೆಟ್ಟಿಗೆಯನ್ನೇ ಇಂಟರ್‌ನೆಟ್‌ಗೆ ಏರಿಸಿದ ಕ್ಲೌಡ್ ಟೆಲಿಫೋನಿ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಕ್ಸೋಟೆಲ್ ಇದಕ್ಕೆ ನಮ್ಮದೇ ಉದಾಹರಣೆ. ಗಿರಾಕಿಗೆ ಕಾಣುವುದು ಸಂಸ್ಥೆಯ ಒಂದೇ ಸಂಖ್ಯೆ. ಕರೆ ಹೋಗುವುದು ಯಾವ ನೌಕರ ಬಿಡುವಾಗಿದ್ದಾನೋ ಅವನ ಫೋನಿಗೆ. ಟ್ಯಾಕ್ಸಿ ಚಾಲಕನಿಗೂ ಪ್ರಯಾಣಿಕನಿಗೂ ಪರಸ್ಪರರ ಸಂಖ್ಯೆ ಗೊತ್ತಾಗದಂತೆ ಕರೆ ಜೋಡಿಸುವುದು ಈ ಬಗೆಯ ವ್ಯವಸ್ಥೆಯಿಂದಲೇ. ಇಂಥ ಆ್ಯಪ್‌ಗಳಲ್ಲಿ ಕರೆ ಜೋಡಿಸುವ ಸಂಕೇತಗಳನ್ನು ಟಿಎಲ್‌ಎಸ್, ಧ್ವನಿಯನ್ನು ಎಸ್‌ಆರ್‌ಟಿಪಿ ಎಂಬ ವಿಧಾನಗಳು ಕಾಯುತ್ತವೆ. ಆದರೆ ಆ ಕಾವಲು ಸೇವಾ ಕಂಪನಿಯ ಸರ್ವರ್‌ವರೆಗೆ ಮಾತ್ರ. ಅಲ್ಲಿಂದ ಗಿರಾಕಿಯ ಸಾಮಾನ್ಯ ಮೊಬೈಲ್‌ಗೆ ಹೋಗುವ ಮಾತು ಎಂದಿನ ದೂರಸಂಪರ್ಕ ಜಾಲದಲ್ಲೇ ಸಾಗಬೇಕು.

ಈ ಮೂರರ ಗಡಿಗಳೂ ಗಟ್ಟಿಯಾಗಿಲ್ಲ. ವಾಟ್ಸ್‌ಆ್ಯಪ್ 2018ರಲ್ಲಿ ಸಣ್ಣ ಅಂಗಡಿಗಳಿಗಾಗಿ ಬಿಸಿನೆಸ್ ಆ್ಯಪ್ ತಂದಿತು; ಅದೇ ವರ್ಷ ಬ್ಯಾಂಕು, ವಿಮಾನ ಸಂಸ್ಥೆಗಳಂಥ ದೊಡ್ಡ ಗ್ರಾಹಕರಿಗೆ ತನ್ನ ವ್ಯವಸ್ಥೆಯನ್ನು ಅವರ ಗಣಕಗಳಿಗೇ ಜೋಡಿಸುವ ಸೌಲಭ್ಯ ಕೊಟ್ಟಿತು. ಅಂಗಡಿಯವನ ಫೋನಿಗೆ ಹೋಗುವ ಸಂದೇಶ ಅವನ ಫೋನಿನಲ್ಲಿ ತೆರೆಯುತ್ತದೆ. ಬ್ಯಾಂಕಿಗೆ ಹೋಗುವ ಸಂದೇಶ ಆ ಬ್ಯಾಂಕು ನೇಮಿಸಿಕೊಂಡ ಕಂಪನಿಯ ಅಥವಾ ವಾಟ್ಸ್‌ಆ್ಯಪ್‌ನ ಒಡೆಯ ಕಂಪನಿ ಮೆಟಾದ ಸರ್ವರ್‌ನಲ್ಲಿ ತೆರೆಯಬಹುದು. ಹಾಗಿದ್ದಾಗ ಆ್ಯಪ್ ಅದನ್ನು ಮಾತುಕತೆಯ ಮೇಲ್ಭಾಗದಲ್ಲಿ ಸಣ್ಣ ಸಾಲಿನಲ್ಲಿ ಹೇಳುತ್ತದೆ, ಓದುವವರು ಕಡಿಮೆ. ಹಸಿರು ಬಣ್ಣ ಒಂದೇ, ಪರದೆ ಒಂದೇ, ವಶ ಮಾತ್ರ ಬೇರೆ. ಬ್ಯಾಕಪ್‌ನ ಕತೆಯೂ ಇದೇ. ದಾರಿಯುದ್ದಕ್ಕೂ ಬೀಗದಲ್ಲಿದ್ದ ಮಾತು ರಾತ್ರಿ ಗೂಗಲ್ ಡ್ರೈವ್‌ಗೆ ನಕಲಾಗುವಾಗ ಅದೇ ಬೀಗ ಇರುತ್ತಿರಲಿಲ್ಲ. ಬ್ಯಾಕಪ್‌ಗೂ ಎಂಡ್ ಟು ಎಂಡ್ ಗೂಢಲಿಪಿ ಹಾಕಿಕೊಳ್ಳುವ ಆಯ್ಕೆ ಬಂದದ್ದು 2021ರ ಕೊನೆಯಲ್ಲಿ, ಅದನ್ನೂ ಬಳಕೆದಾರರೇ ಹುಡುಕಿ ಆನ್ ಮಾಡಿಕೊಳ್ಳಬೇಕಾಗಿತ್ತು. ಇನ್ನು ಕಂಪನಿಗಳ ಹೇಳಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಜೂಮ್ ಪ್ರಕರಣ ತೋರಿಸಿತು. ಕೀಲಿಗಳನ್ನು ತನ್ನ ಬಳಿಯೇ ಇಟ್ಟುಕೊಂಡು ‘ಎಂಡ್ ಟು ಎಂಡ್’ ಎಂದು ವರ್ಷಗಟ್ಟಲೆ ಹೇಳಿಕೊಂಡಿತ್ತು ಎಂದು ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆ ಎಫ್‌ಟಿಸಿ ಆ ಕಂಪನಿಯ ಮೇಲೆ ಆರೋಪ ಹೊರಿಸಿ, 2020ರ ನವೆಂಬರ್‌ನಲ್ಲಿ ರಾಜಿ ಒಪ್ಪಂದಕ್ಕೆ ತಂದಿತು. ಅದೇ ಹೊತ್ತಿಗೆ ಲೋಕದ ಎಷ್ಟೋ ಕಚೇರಿಗಳು ಮನೆಯಿಂದ ಆ ಆ್ಯಪ್‌ನ ಮೂಲಕವೇ ನಡೆಯುತ್ತಿದ್ದವು.

ಹಾಗೆಂದು ಗೂಢಲಿಪಿ ಮುಖ್ಯವಲ್ಲ ಎಂದು ತಿಳಿಯಬಾರದು. ಸಾಮಾನ್ಯ ಫೋನ್ ಜಾಲ ಎಷ್ಟು ಸಡಿಲ ಎಂಬುದಕ್ಕೆ ಪುರಾವೆ ಸಾಕಷ್ಟಿದೆ. ದೂರಸಂಪರ್ಕ ಕಂಪನಿಗಳು ಒಂದಕ್ಕೊಂದು ಕರೆ ದಾಟಿಸಲು ಬಳಸುವ ಎಸ್‌ಎಸ್7 ಎಂಬ ಹಳೆಯ ಏರ್ಪಾಡು, ಜಾಲದೊಳಗೆ ಇರುವವರೆಲ್ಲ ನಂಬಿಗಸ್ತರು ಎಂದುಕೊಂಡು ರೂಪಿಸಿದ್ದು. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಅದರ ಮೂಲಕ ಬ್ಯಾಂಕಿನ ಒಟಿಪಿ ಎಸ್‌ಎಂಎಸ್‌ಗಳನ್ನು ತಿರುಗಿಸಿಕೊಂಡು ಜನರ ಖಾತೆ ಖಾಲಿ ಮಾಡಿದರು. 2024ರಲ್ಲಿ ಅಮೆರಿಕದಲ್ಲಿ ಬಯಲಾದ ‘ಸಾಲ್ಟ್ ಟೈಫೂನ್’ ದಾಳಿ ಇನ್ನೂ ಆಳದ್ದು. ಚೀನಾದ ಬೆಂಬಲವಿದೆ ಎಂದು ಅಮೆರಿಕ ಹೇಳುವ ತಂಡ ವೆರೈಜನ್, ಎಟಿ ಆ್ಯಂಡ್ ಟಿಯಂಥ ಕಂಪನಿಗಳ ಒಳಹೊಕ್ಕು, ನ್ಯಾಯಾಲಯದ ಅನುಮತಿಯ ಮೇಲೆ ಫೋನ್ ಕದ್ದಾಲಿಸಲು ಇಟ್ಟಿದ್ದ ವ್ಯವಸ್ಥೆಯವರೆಗೂ ತಲುಪಿತು. ಆ ಡಿಸೆಂಬರ್‌ನಲ್ಲಿ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ, ದಾಳಿಗೆ ಗುರಿಯಾಗಬಲ್ಲ ಉನ್ನತ ಸ್ಥಾನದವರೆಲ್ಲ ಎಂಡ್ ಟು ಎಂಡ್ ಗೂಢಲಿಪಿಯ ಆ್ಯಪ್‌ಗಳನ್ನೇ ಬಳಸಬೇಕೆಂದು ಸಲಹೆ ಕೊಟ್ಟಿತು. ಹೀಗಾಗಿ ಸಾಮಾನ್ಯ ಕರೆ, ಎಸ್‌ಎಂಎಸ್‌ಗಳಿಗೆ ವ್ಯವಹಾರದ ಗುಟ್ಟು ಒಪ್ಪಿಸುವುದು ಇಂದು ಯಾವ ರೀತಿಯಲ್ಲೂ ವಿವೇಕವಲ್ಲ. ದಾರಿಗೆ ಗಟ್ಟಿ ಬೀಗ ಬೇಕೇ ಬೇಕು.

ಆದರೆ ದಾರಿ ಗಟ್ಟಿಯಾದಷ್ಟೂ ಕಳ್ಳ ಮನೆಬಾಗಿಲಿಗೆ ಬರುತ್ತಾನೆ. 2019ರಲ್ಲಿ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ತಂತ್ರಾಂಶ ವಾಟ್ಸ್‌ಆ್ಯಪ್ ಕರೆಯ ಒಂದು ದೋಷದ ಮೂಲಕ ಸುಮಾರು 1,400 ಫೋನ್‌ಗಳನ್ನು ಗುರಿಯಾಗಿಸಿತು. ಕರೆ ಎತ್ತದಿದ್ದರೂ ಫೋನು ವಶವಾಗುತ್ತಿತ್ತು. ಗೂಢಲಿಪಿ ಅಲ್ಲಿ ಮುರಿಯಲಿಲ್ಲ, ಮುರಿಯುವ ಅಗತ್ಯವೂ ಬೀಳಲಿಲ್ಲ; ತೆರೆದ ಸಂದೇಶವನ್ನೇ ಪರದೆಯ ಹಿಂದಿನಿಂದ ಓದಿಕೊಂಡರು. 2025ರ ಫೆಬ್ರುವರಿಯಲ್ಲಿ ಗೂಗಲ್‌ನ ಭದ್ರತಾ ತಂಡ ವರದಿ ಮಾಡಿದ ವಿಧಾನ ಇನ್ನೂ ಸರಳ. ರಷ್ಯಾ ಪರ ತಂಡಗಳು ಉಕ್ರೇನ್‌ನವರಿಗೆ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿಸುತ್ತಿದ್ದವು. ಆ ಕ್ಷಣದಿಂದ ದಾಳಿಕೋರನ ಗಣಕವೂ ಅವರ ಸಿಗ್ನಲ್ ಖಾತೆಯ ‘ಜೋಡಿಸಿದ ಸಾಧನ’ವಾಗುತ್ತಿತ್ತು. ವ್ಯವಹಾರದ ಫೋನ್ ಆ್ಯಪ್ ತಯಾರಿಸುವವರ ಮನೆಯೂ ಇದಕ್ಕೆ ಹೊರತಲ್ಲ. 2023ರ ಮಾರ್ಚ್‌ನಲ್ಲಿ, ಆರು ಲಕ್ಷ ಸಂಸ್ಥೆಗಳು ಬಳಸುತ್ತವೆ ಎಂದು ಹೇಳಿಕೊಳ್ಳುತ್ತಿದ್ದ 3ಸಿಎಕ್ಸ್ ಎಂಬ ಫೋನ್ ವ್ಯವಸ್ಥೆಯ ಡೆಸ್ಕ್‌ಟಾಪ್ ಆ್ಯಪ್‌ನ ಅಧಿಕೃತ ಅಪ್‌ಡೇಟ್‌ನಲ್ಲೇ ಕಳ್ಳ ತಂತ್ರಾಂಶ ಸೇರಿತ್ತು. ತನಿಖೆ ಮಾಡಿದ ಮ್ಯಾಂಡಿಯಂಟ್ ಎಂಬ ಸೈಬರ್ ಭದ್ರತಾ ಕಂಪನಿ ಮೂಲವನ್ನು ಹುಡುಕುತ್ತಾ ಹೋದಾಗ, 3ಸಿಎಕ್ಸ್‌ನ ನೌಕರರೊಬ್ಬರು ತಮ್ಮ ಸ್ವಂತ ಗಣಕಕ್ಕೆ ಹಾಕಿಕೊಂಡಿದ್ದ, ಅದಾಗಲೇ ದಾಳಿಕೋರರು ಕೆಡಿಸಿದ್ದ ಹಣಕಾಸು ವಹಿವಾಟಿನ ತಂತ್ರಾಂಶವೊಂದು ಸಿಕ್ಕಿತು. ಮನೆಯ ಗಣಕ, ಕಚೇರಿಯ ಗಣಕ ಎಂಬ ಗೆರೆ ಅಳಿಸಿದ ಒಂದು ಜಾಗದಿಂದ ಸಾವಿರಾರು ಸಂಸ್ಥೆಗಳ ಬಾಗಿಲವರೆಗೆ ಅಪಾಯ ನಡೆದುಬಂದಿತ್ತು.

ಇದುವರೆಗೆ ಹೇಳಿದ್ದು ಹೊರಗಿನ ಕಳ್ಳನ ಮಾತು. ವ್ಯವಹಾರಕ್ಕೆ ಇನ್ನೊಂದು ಹೊಣೆಯಿದೆ, ಅದು ದಾಖಲೆ. ಮನೆಯ ಮಾತು ಮಾಯವಾದರೆ ನಷ್ಟವಿಲ್ಲ. ವ್ಯವಹಾರದ ಮಾತು ಮಾಯವಾದರೆ ಒಪ್ಪಂದವೇ ಮಾಯವಾದಂತೆ. ಇದನ್ನು ಅಮೆರಿಕದ ಷೇರುಪೇಟೆ ನಿಯಂತ್ರಕರು ಬಹಳ ಕಠಿಣವಾಗಿ ತಿಳಿಸಿದರು. ಜೆ.ಪಿ. ಮಾರ್ಗನ್‌ನ ದಲ್ಲಾಳಿ ಸಂಸ್ಥೆಯ ನೌಕರರು ಸ್ವಂತ ಫೋನ್‌ನ ವಾಟ್ಸ್‌ಆ್ಯಪ್, ಎಸ್‌ಎಂಎಸ್‌ಗಳಲ್ಲಿ ವ್ಯವಹಾರ ಮಾತನಾಡಿ ದಾಖಲೆ ಇಡದ ತಪ್ಪಿಗೆ 2021ರ ಡಿಸೆಂಬರ್‌ನಲ್ಲಿ ಒಟ್ಟು 20 ಕೋಟಿ ಡಾಲರ್ ದಂಡ ಬಿತ್ತು. 2022ರ ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟ್‌ನ ಹಲವು ದೊಡ್ಡ ಸಂಸ್ಥೆಗಳು ಸೇರಿ ತೆತ್ತದ್ದು 180 ಕೋಟಿ ಡಾಲರ್‌ಗೂ ಹೆಚ್ಚು. ಗಮನಿಸಬೇಕಾದದ್ದೆಂದರೆ, ಇಲ್ಲಿ ಯಾವ ಗುಟ್ಟೂ ಸೋರಿರಲಿಲ್ಲ. ಹೊರಗಿನವರು ಓದಬಾರದ್ದನ್ನು ಹೊರಗಿನವರು ಓದಿರಲಿಲ್ಲ. ಓದಲು ಹಕ್ಕಿದ್ದವರಿಗೆ ಓದಲು ಏನೂ ಉಳಿದಿರಲಿಲ್ಲ ಎಂಬುದೇ ಅಪರಾಧ. ನಮ್ಮಲ್ಲೂ ಗಿರಾಕಿ ಕೊಟ್ಟ ಆದೇಶಕ್ಕೆ ಪುರಾವೆ ಇಟ್ಟುಕೊಳ್ಳಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2018ರಲ್ಲಿ ಷೇರು ದಲ್ಲಾಳಿಗಳಿಗೆ ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ದಾಖಲೆ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಬಾಕಿ ವಸೂಲಿಯ ದಾವೆಗೆ ಹೋದ ಸಗಟು ವ್ಯಾಪಾರಿಯ ಬಳಿ, ಕೆಲಸ ಬಿಟ್ಟ ಗುಮಾಸ್ತನ ಫೋನಿನಿಂದ ಎಂದೋ ತೆಗೆದ ಒಂದು ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಅವನ ನೆಲೆ ಎಷ್ಟು ದುರ್ಬಲವೆಂದು ಬೇರೆ ಹೇಳಬೇಕಿಲ್ಲ.

ಗುಟ್ಟು, ದಾಖಲೆ ಎರಡನ್ನೂ ಅವಸರದಲ್ಲಿ ಒಂದುಗೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಅಮೆರಿಕವೇ ಸಾಕ್ಷಿ. ಮಾರ್ಚ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಸ್ ಅವರ ಸಿಗ್ನಲ್ ಗುಂಪಿಗೆ, ಯೆಮನ್ ಮೇಲಿನ ದಾಳಿಯ ಚರ್ಚೆ ನಡೆಯುತ್ತಿದ್ದಾಗ, ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಸೇರಿಹೋಗಿದ್ದರು. ಸಿಗ್ನಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಗುಂಪಿನಲ್ಲಿದ್ದವರಿಗೆಲ್ಲ ಸಂದೇಶ ಭದ್ರವಾಗಿ ತಲುಪಿತು, ಇರಬಾರದವರಿಗೂ ತಲುಪಿತು. ಸಂಸ್ಥೆಯೇ ನಡೆಸುವ ವ್ಯವಸ್ಥೆಯಲ್ಲಾದರೆ ಹೊರಗಿನವರನ್ನು ಸೇರಿಸದಂತೆ ಗೋಡೆ ಕಟ್ಟಬಹುದು. ಫೋನಿನ ಸಂಪರ್ಕ ಪಟ್ಟಿಯನ್ನೇ ನಂಬಿದ ಆ್ಯಪ್‌ನಲ್ಲಿ ಅಂಥ ಗೋಡೆಯಿಲ್ಲ. ಏಪ್ರಿಲ್ ಕೊನೆಯಲ್ಲಿ ಅದೇ ವಾಲ್ಟ್ಸ್ ಸಂಪುಟ ಸಭೆಯಲ್ಲಿ ಬಳಸುತ್ತಿದ್ದದ್ದು ಟೆಲಿಮೆಸೇಜ್ ಎಂಬ ಕಂಪನಿ ಮಾರ್ಪಡಿಸಿದ ಸಿಗ್ನಲ್ ಎಂದು ಒಂದು ಛಾಯಾಚಿತ್ರದಿಂದ ಗೊತ್ತಾಯಿತು. ಕಾನೂನು ಕೇಳುವ ದಾಖಲೆಗಾಗಿ ಪ್ರತಿ ಸಂದೇಶದ ನಕಲನ್ನು ಭಂಡಾರಕ್ಕೆ ಕಳಿಸುವುದೇ ಅದರ ಕೆಲಸ. ಕೆಲವೇ ದಿನಗಳಲ್ಲಿ ಆ ಕಂಪನಿಯ ಸರ್ವರ್‌ಗೆ ಕನ್ನ ಬಿತ್ತು. ಅಲ್ಲಿ ಕೆಲವು ಮಾತುಕತೆಗಳು ಯಾವ ಬೀಗವೂ ಇಲ್ಲದೆ ಸಿಕ್ಕವು. ಇದರಿಂದ ‘ದಾಖಲೆ ಇಡುವುದೇ ತಪ್ಪು’ ಎಂಬ ಪಾಠ ಕಲಿಯುವವರಿದ್ದಾರೆ. ಅದು ಸರಿಯಲ್ಲ. ದಾಖಲೆಯ ಬೇಡಿಕೆ ನ್ಯಾಯವಾದದ್ದೇ. ದೋಷವಿದ್ದದ್ದು ಆ ಪ್ರತಿಯನ್ನು ಸಂಸ್ಥೆಯ ಸ್ವಂತ ಕೀಲಿಯಿಂದ ಮುಚ್ಚದೆ ಮೂರನೆಯವರ ಸರ್ವರ್‌ನಲ್ಲಿ ತೆರೆದಿಟ್ಟ ರೀತಿಯಲ್ಲಿ.

ಮಾತಿನ ಗುಟ್ಟನ್ನು ಕಾಯುತ್ತಲೇ ಅದನ್ನು ಸಂಸ್ಥೆಯ ವಶದಲ್ಲಿ ಇಡುವುದು ಸಾಧ್ಯವಾಗದ ಆದರ್ಶವೇನಲ್ಲ. ಫ್ರಾನ್ಸ್ ಸರ್ಕಾರ 2019ರಲ್ಲಿ ತನ್ನ ನೌಕರರಿಗಾಗಿ ತಂದ ಚಾಪ್, ಜರ್ಮನಿಯ ಸೇನೆಯ ಬಿಡಬ್ಲ್ಯು ಮೆಸೆಂಜರ್ ಎರಡೂ ಮ್ಯಾಟ್ರಿಕ್ಸ್ ಎಂಬ ಮುಕ್ತ ವಿಧಾನದ ಮೇಲೆ ನಿಂತಿವೆ. ಸರ್ವರ್ ಸಂಸ್ಥೆಯದೇ, ಸದಸ್ಯರ ಪಟ್ಟಿಯೂ ಸಂಸ್ಥೆಯದೇ, ಮಾತಿಗೆ ಎಂಡ್ ಟು ಎಂಡ್ ಬೀಗವೂ ಉಂಟು. ಸ್ವಿಸ್ ಸೇನೆ 2022ರ ಆರಂಭದಿಂದ ಫೋನ್ ಸಂಖ್ಯೆಯೇ ಬೇಡದ, ತನ್ನ ದೇಶದ ಥ್ರೀಮಾ ಆ್ಯಪ್ ಬಳಸಲು ಸೂಚಿಸಿತು. ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಸರ್ಕಾರಿ ಬಳಕೆಗೆ ‘ಸಂದೇಶ್’ ರೂಪಿಸಿದೆ. ಆದರೂ ಸ್ವಂತದ್ದು ಅಥವಾ ಸ್ವದೇಶಿ ಎಂದ ಮಾತ್ರಕ್ಕೆ ಭದ್ರ ಎಂಬ ನಂಬಿಕೆಗೆ ಆಧಾರವಿಲ್ಲ. ಚಾಪ್ ಬಂದ ಮೊದಲ ದಿನವೇ ಸರ್ಕಾರಿ ನೌಕರನಲ್ಲದ ಸಂಶೋಧಕರೊಬ್ಬರು ಇಮೇಲ್ ವಿಳಾಸವನ್ನು ಸ್ವಲ್ಪ ತಿರುಚಿ ಒಳಹೋಗಿ ದೋಷ ತೋರಿಸಿದರು. ಜೋಹೊ ಕಂಪನಿಯ ‘ಅರಟ್ಟೈ’ ಆ್ಯಪ್‌ಗೆ 2025ರಲ್ಲಿ ಜನ ಮುಗಿಬಿದ್ದಾಗ ಕರೆಗಳಿಗೆ ಎಂಡ್ ಟು ಎಂಡ್ ಗೂಢಲಿಪಿ ಇತ್ತು, ಬರಹದ ಸಂದೇಶಗಳಿಗೆ ಇನ್ನೂ ಬಂದಿರಲಿಲ್ಲ. ದತ್ತಾಂಶ ನಮ್ಮ ದೇಶದಲ್ಲೇ ಉಳಿಯುವುದು ಒಂದು ಗುಣ, ಅದನ್ನು ಒಪ್ಪೋಣ. ಆದರೆ ಕೀಲಿಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಸಣ್ಣ ವ್ಯಾಪಾರಿಯದು. ಗಿರಾಕಿ ಇರುವುದೇ ವಾಟ್ಸ್‌ಆ್ಯಪ್‌ನಲ್ಲಿ. ಹತ್ತು ಜನರ ಅಂಗಡಿಗೆ ಸ್ವಂತ ಸರ್ವರ್, ತಿಂಗಳ ಶುಲ್ಕದ ಆ್ಯಪ್ ಎಲ್ಲಿಂದ ತರುವುದು? ಮಾತು ನಿಜ. ಆದರೆ ಭದ್ರತೆಯ ದೊಡ್ಡ ಪಾಲು ದುಡ್ಡಿಲ್ಲದೆಯೂ ಸಿಗುತ್ತದೆ. ಮೊದಲನೆಯದು ಸಂಖ್ಯೆಯ ಒಡೆತನ. ಈ ಆ್ಯಪ್‌ಗಳಲ್ಲಿ ಮನುಷ್ಯನ ಗುರುತೇ ಸಿಮ್. ಕೇಂದ್ರ ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ, ನೋಂದಾಯಿಸಿದ ಸಿಮ್ ಫೋನಿನಲ್ಲಿ ಇರುವಾಗ ಮಾತ್ರ ಸಂದೇಶ ಆ್ಯಪ್ ನಡೆಯಬೇಕು, ಗಣಕದಲ್ಲಿ ತೆರೆದ ಖಾತೆ ಆರು ಗಂಟೆಗೊಮ್ಮೆ ಮುಚ್ಚಬೇಕು ಎಂದು ನಿರ್ದೇಶಿಸಿದ ಮೇಲಂತೂ ಆ ನಂಟು ಇನ್ನೂ ಬಿಗಿಯಾಯಿತು. ಸಿಮ್ ಗುಮಾಸ್ತನ ಹೆಸರಿನಲ್ಲಿದ್ದರೆ ಅಂಗಡಿಯ ಹೆಸರು, ಗಿರಾಕಿಗಳ ಪಟ್ಟಿ, ಹಳೆಯ ಆರ್ಡರ್‌ಗಳು ಅವನ ಜೊತೆಗೇ ಹೋಗುತ್ತವೆ. ರೀಚಾರ್ಜ್ ನಿಲ್ಲಿಸಿ ಬಿಟ್ಟ ಸಂಖ್ಯೆ ಕೆಲವು ತಿಂಗಳಲ್ಲಿ ಬೇರೆಯವರಿಗೆ ಹಂಚಿಕೆಯಾಗಬಹುದು. ಗಿರಾಕಿಗಳು ಅದಕ್ಕೇ ಆರ್ಡರ್ ಕಳಿಸುತ್ತಿರುತ್ತಾರೆ. ವ್ಯವಹಾರದ ಸಂಖ್ಯೆ ವ್ಯವಹಾರದ ಹೆಸರಿನಲ್ಲೇ ಇರಲಿ, ಎರಡು ಹಂತದ ಪಿನ್ ಹಾಕಿರಲಿ, ಬ್ಯಾಕಪ್‌ಗೆ ಬೀಗ ಇರಲಿ, ಜೋಡಿಸಿದ ಸಾಧನಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವ ಪರಿಪಾಠವಿರಲಿ. ಮಾಲೀಕರ ಫೋಟೊ ಹಾಕಿಕೊಂಡು ‘ತುರ್ತಾಗಿ ಈ ಖಾತೆಗೆ ಹಣ ಹಾಕು’ ಎಂದು ಲೆಕ್ಕಿಗನಿಗೆ ಬರುವ ಸಂದೇಶವನ್ನು ಯಾವ ಗೂಢಲಿಪಿಯೂ ತಡೆಯದು. ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಕೇಳಿದ ಮೇಲಷ್ಟೇ ಹಣ ಎಂಬ ಒಂದು ನಿಯಮ ತಡೆಯುತ್ತದೆ.

ಎರಡನೆಯ ಆಕ್ಷೇಪ ನೌಕರನದು, ಅದನ್ನು ಮಾಲೀಕರು ಹಗುರವಾಗಿ ಕಾಣಬಾರದು. ದಾಖಲೆ ಸಂಸ್ಥೆಯದು ಎಂದರೆ ನನ್ನ ಫೋನನ್ನೇ ಇಣುಕಿ ನೋಡುತ್ತೀರಾ ಎಂದು ಅವನು ಕೇಳುತ್ತಾನೆ. ಸ್ವಂತ ಫೋನಿಗೆ ಕಚೇರಿಯ ನಿಯಂತ್ರಣ ತಂತ್ರಾಂಶ ಹಾಕಿಸಿ, ಕೆಲಸ ಬಿಟ್ಟ ದಿನ ಇಡೀ ಫೋನನ್ನು ಅಳಿಸಿಹಾಕುವ ಪದ್ಧತಿ ಅನ್ಯಾಯವೇ. ಆದರೆ ಇದಕ್ಕೆ ಪರಿಹಾರ ಹತ್ತು ವರ್ಷಕ್ಕೂ ಹಿಂದಿನಿಂದ ಲಭ್ಯವಿದೆ. ಆಂಡ್ರಾಯ್ಡ್ 2014ರ ಆವೃತ್ತಿಯಲ್ಲೇ ‘ವರ್ಕ್ ಪ್ರೊಫೈಲ್’ ತಂದು ಒಂದೇ ಫೋನನ್ನು ಎರಡು ಮನೆ ಮಾಡಿತು: ಕಚೇರಿಯ ಕೋಣೆಯನ್ನು ಕಚೇರಿ ನೋಡಬಹುದು, ಮುಚ್ಚಬಹುದು; ಪಕ್ಕದ ಮನೆಗೆ ಅದಕ್ಕೆ ಪ್ರವೇಶವಿಲ್ಲ. ಐಫೋನ್‌ನಲ್ಲೂ 2019ರಿಂದ ಇಂಥ ಏರ್ಪಾಡಿದೆ. ವ್ಯವಹಾರಕ್ಕೆ ಪ್ರತ್ಯೇಕ ಆ್ಯಪ್, ಪ್ರತ್ಯೇಕ ಸಂಖ್ಯೆ ಕೊಡುವುದು ಮಾಲೀಕನ ದಾಖಲೆಯನ್ನು ಉಳಿಸುವಷ್ಟೇ ನೌಕರನ ಮನೆಯನ್ನೂ ಉಳಿಸುತ್ತದೆ. ರಾತ್ರಿ ಹತ್ತು ಗಂಟೆಗೆ ಗಿರಾಕಿಯ ಕರೆ ನೌಕರರ ಸ್ವಂತ ಸಂಖ್ಯೆಗೆ ಬಾರದಿರುವುದು, ಅದರಲ್ಲೂ ಹೆಣ್ಣುಮಕ್ಕಳಿಗೆ, ಸಣ್ಣ ನೆಮ್ಮದಿಯಲ್ಲ.

ಮೂರನೆಯ ಆಕ್ಷೇಪ ಸರ್ಕಾರದ್ದು. ಅಪರಾಧಿಯ ಮಾತೂ ಇದೇ ಬೀಗದೊಳಗಿರುತ್ತದೆ, ಆದ್ದರಿಂದ ಒಂದು ಕೀಲಿ ನಮ್ಮ ಬಳಿಯೂ ಇರಲಿ ಎಂಬುದು. ದೊಡ್ಡ ಸಂದೇಶ ಆ್ಯಪ್‌ಗಳು ಸಂದೇಶದ ಮೊದಲ ಕರ್ತೃವನ್ನು ಗುರುತಿಸಿಕೊಡಬೇಕೆಂದು 2021ರ ಐಟಿ ನಿಯಮಗಳು ಹೇಳಿದವು; ವಾಟ್ಸ್‌ಆ್ಯಪ್ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಆನ್‌ಲೈನ್ ವಂಚನೆಯಿಂದ ಜೀವಮಾನದ ಉಳಿತಾಯ ಕಳೆದುಕೊಂಡವರನ್ನು ನೆನೆದಾಗ ಪೊಲೀಸರ ಕಷ್ಟ ಅರ್ಥವಾಗುತ್ತದೆ. ಆದರೆ ಕಾನೂನಿನ ಹೆಸರಿನಲ್ಲಿ ಇಟ್ಟ ಹಿಂಬಾಗಿಲನ್ನೇ ಶತ್ರು ಹುಡುಕಿಕೊಂಡು ಬಂದದ್ದು ಸಾಲ್ಟ್ ಟೈಫೂನ್‌ನಲ್ಲಿ ಸ್ಪಷ್ಟವಾಗಿ ಕಂಡಿದೆ. ವ್ಯವಹಾರದ ಮಟ್ಟಿಗೆ ಈ ಗಂಟು ಬಿಡಿಸುವ ದಾರಿಯೂ ಇದೆ. ಸಂಸ್ಥೆ ತನ್ನ ದಾಖಲೆಯನ್ನು ತನ್ನದೇ ಕೀಲಿಯಲ್ಲಿ ಇಟ್ಟುಕೊಂಡಿದ್ದರೆ, ನ್ಯಾಯಾಲಯ ಕೇಳಿದ ದಿನ ಕೇಳಿದಷ್ಟನ್ನು ತೆಗೆದು ಕೊಡಬಹುದು. ಅದಕ್ಕಾಗಿ ಎಲ್ಲರ ಬೀಗವನ್ನೂ ಸಡಿಲಿಸುವ ಅಗತ್ಯವಿಲ್ಲ.

ಹಾಗಾದರೆ ಆ್ಯಪ್ ಆರಿಸುವುದು ಮಾತಿನ ಸ್ವರೂಪ ನೋಡಿ. ಅತಿ ಗುಟ್ಟಿನ, ದಾಖಲೆ ಬೇಡದ ಮಾತಿಗೆ ಸಿಗ್ನಲ್‌ನಂಥದು ಸರಿ. 2016ರಲ್ಲಿ ಅಮೆರಿಕದ ನ್ಯಾಯಾಲಯದ ಸಮನ್ಸ್ ಬಂದಾಗ ಅದರ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ದಿನ ಮತ್ತು ಕೊನೆಯ ಬಾರಿ ಸಂಪರ್ಕಿಸಿದ ದಿನ ಮಾತ್ರ. ಒಪ್ಪಂದ, ದರ, ಆರ್ಡರ್, ವೈದ್ಯಕೀಯ ವರದಿಗಳಂಥ ಮಾತಿಗೆ ಸಂಸ್ಥೆಯ ವಶದಲ್ಲಿ ಪ್ರತಿ ಉಳಿಯುವ ವ್ಯವಸ್ಥೆ ಬೇಕು. ಹೊರಗಿನ ಗಿರಾಕಿಯ ಕರೆಗೆ ಸಂಸ್ಥೆಯ ಸಂಖ್ಯೆಯಿಂದ ನಡೆಯುವ ಫೋನ್ ಆ್ಯಪ್ ಬೇಕು. ಅಲ್ಲಿ ಧ್ವನಿಮುದ್ರಣ ಎಷ್ಟು ದಿನ ಇರುತ್ತದೆ, ಯಾರು ಕೇಳಬಹುದು ಎಂಬುದು ಬರಹದಲ್ಲಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನೆಲ್ಲ ಮಾಲೀಕನ ಸದ್ಗುಣಕ್ಕೆ ಬಿಟ್ಟಿಲ್ಲ. ಗಿರಾಕಿಯ ದತ್ತಾಂಶಕ್ಕೆ ತಕ್ಕ ಕಾವಲು ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ, ಮತ್ತು ಸೇವಾ ಕಂಪನಿಯಿಂದ ತಪ್ಪಾದರೂ ಹೊಣೆ ಸೇವೆ ಪಡೆದ ಸಂಸ್ಥೆಯದೇ. ಸೈಬರ್ ದಾಳಿಯಾದರೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ನಮ್ಮ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಹೇಳಿದೆ. ಯಾವ ಫೋನಿನಲ್ಲಿ ಏನಿತ್ತು ಎಂದೇ ತಿಳಿಯದ ಸಂಸ್ಥೆ ಆ ಆರು ಗಂಟೆಯಲ್ಲಿ ಏನನ್ನು ವರದಿ ಮಾಡೀತು?

ಗಿರಾಕಿ ತನ್ನ ಗುರುತಿನ ಚೀಟಿಯ ಚಿತ್ರವನ್ನೋ ರೋಗದ ವಿವರವನ್ನೋ ಕಳಿಸುವುದು ಒಂದು ಆ್ಯಪ್‌ಗೆ ಎಂದು ತಿಳಿದು ಅಲ್ಲ. ಒಂದು ಅಂಗಡಿಗೆ, ಒಬ್ಬ ವೈದ್ಯರಿಗೆ, ಒಂದು ಬ್ಯಾಂಕಿಗೆ ಎಂದು ನಂಬಿ. ಹಿಂದೆ ಆ ನಂಬಿಕೆ ಕಪಾಟಿನೊಳಗೆ ಇರುತ್ತಿತ್ತು, ಕಪಾಟಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಈಗಿನ ಕಪಾಟು ಕಣ್ಣಿಗೆ ಕಾಣುವುದಿಲ್ಲ, ಹತ್ತಾರು ಜೇಬುಗಳಲ್ಲೂ ಎಲ್ಲೋ ಇರುವ ಸರ್ವರ್‌ಗಳಲ್ಲೂ ಹರಡಿಕೊಂಡಿದೆ. ಅದಕ್ಕೇ ಅದರ ಕೈ ಯಾರ ಬಳಿಯಿದೆ ಎಂದು ಹೇಳಬಲ್ಲ ಒಬ್ಬರು ಪ್ರತಿ ಸಂಸ್ಥೆಯಲ್ಲೂ, ಅದು ಮಂಡಿಯಾಗಲಿ ಬಹುರಾಷ್ಟ್ರೀಯ ಕಂಪನಿಯಾಗಲಿ, ಇರಬೇಕು. ಅವರು ಆ ಉತ್ತರ ಹೇಳುವಂತಾದ ಮೇಲೆ ಯಾವ ಆ್ಯಪ್ ಎಂಬುದನ್ನು ತೀರ್ಮಾನಿಸುವುದು ಕಷ್ಟವಲ್ಲ.